ನನ್ನ ಪಾಲಿನ ಬೈಗುಳ

ಈ ಲೋಕ ನನಗೆ ಅತಿ ಹೆಚ್ಚು ಸಲ ಹೇಳಿರುವ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸಬೇಕಾಗಿಯೇ ಇಲ್ಲ. ‘ಕುಂದರು’ ಎಂಬುದೇ ಆ ಮಾತು. ಹುಟ್ಟಿದಾಗಿನಿಂದ ನನ್ನ ಎಡಗಾಲಿಗೆ ಬಲ ಕಡಿಮೆ, ಊರುಗೋಲು ಹಿಡಿದು ನಡೆಯುತ್ತೇನೆ. ನಡಿಗೆ ನಿಧಾನ ನಿಜ, ಆದರೆ ಹೋಗಬೇಕಾದಲ್ಲಿಗೆ ಹೋಗಿಯೇ ಹೋಗುತ್ತೇನೆ. ನೋಡುವವರಿಗೆ ಮಾತ್ರ ಅಷ್ಟು ತಾಳ್ಮೆ ಇರುವುದಿಲ್ಲ. ಬಸ್ಸು ಹತ್ತಿದರೆ ಕುಂದರು, ಬಾಣಂತಿಯನ್ನು ನೋಡಲು ಹೋದರೆ ಕುಂದರು, ಮದುವೆಯಲ್ಲಿ ಅಕ್ಷತೆ ಹಾಕಲು ಎದ್ದರೆ ‘ಕುಂತಲ್ಲಿಂದನ ಒಗಿಯವಾ, ಬೀಳ್ತಾವು’. ಪಾಳಾ ಎಂಬ ನಮ್ಮೂರಿನ ಶಾಲೆಯಲ್ಲಿ ರಾಷ್ಟ್ರಗೀತೆಗೆ ಎಲ್ಲರೂ ನೆಟ್ಟಗೆ ನಿಂತಾಗಲೂ ನಮ್ಮ ಅಕ್ಕೋರು ಕಣ್ಣಿನಲ್ಲೇ ನನಗೆ ಕುಳಿತುಕೊಳ್ಳಲು ಸನ್ನೆ ಮಾಡುತ್ತಿದ್ದರು. ದೇಶಕ್ಕೆ ಅಗೌರವ ಆಗಬಾರದೆಂದು ನಾನು, ನನ್ನ ಕಾಲು ನೋಯಬಾರದೆಂದು ಅವರು, ಗೀತೆ ಮುಗಿಯುವವರೆಗೆ ಕಣ್ಣಿನಲ್ಲೇ ಜಗ್ಗಾಡುತ್ತಿದ್ದೆವು.

ಸದಾ ಕುಳಿತೇ ಇರುವವರಿಗೆ ಹಗಲುಗನಸು ಅಂಟಿಕೊಳ್ಳುವುದು ಸಹಜ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅತ್ತಿವೇರಿಗೆ ಕರೆದೊಯ್ಯುತ್ತಿದ್ದ. ಜಲಾಶಯದ ಏರಿಯ ಮೇಲೆ ನನ್ನನ್ನು ಇಳಿಸಿ, ಇಲ್ಲೇ ಕುಂದರು ಎಂದು ಹೇಳಿ, ಪರಿಚಯದವರೊಡನೆ ಹರಟಲು ಹೋಗಿಬಿಡುತ್ತಿದ್ದ. ನೀರಿನ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು, ಏಳುತ್ತಿದ್ದವು, ಎಲ್ಲಿಗೋ ಹೋಗುತ್ತಿದ್ದವು. ನಾನೂ ಅವುಗಳ ಜೊತೆ ಹೋಗಿ, ಅಪ್ಪ ಬರುವಷ್ಟರಲ್ಲಿ ಏರಿಯ ಮೇಲೆ ಹಾಜರಾಗುತ್ತಿದ್ದೆ. ಈ ವಿದ್ಯೆಯನ್ನು ನಾನು ಬಿ.ಕಾಂ. ಮುಗಿಯುವವರೆಗೂ ಬಿಡಲಿಲ್ಲ, ಆಮೇಲೆ ಅದು ನನ್ನನ್ನು ಬಿಡಲಿಲ್ಲ.

ಪದವಿ ಮುಗಿದ ಮೇಲೆ ಹಳಿಯಾಳದ ಒಂದು ಸಂಸ್ಥೆಯವರು ನನ್ನಂಥವರಿಗಾಗಿ ನಡೆಸುವ ಯೋಜನೆಗೆ ಸೇರಿಕೊಂಡೆ. ಆರು ತಿಂಗಳು ಒಂದು ನಿಜವಾದ ಆಫೀಸಿನಲ್ಲಿ ಕೆಲಸ ಕಲಿಯಬೇಕು, ಅಲ್ಲಿಯ ಒಬ್ಬ ಹಿರಿಯರು ಮಾರ್ಗದರ್ಶಕರಾಗಿ ಕಲಿಸಬೇಕು. ಕೆಲಸ ಬಂತು ಎಂದು ಅವರು ಹೇಳಿದರೆ ಅಲ್ಲೇ ನೌಕರಿ, ಬರಲಿಲ್ಲ ಎಂದರೆ ಮರಳಿ ನಮ್ಮೂರಿನ ಮನೆಯ ಕಟ್ಟೆ. ಆ ಕಟ್ಟೆಯ ಮೇಲೆ ಕೂತು ಕೂತು ನನಗೆ ಸಾಕಾಗಿತ್ತು. ನನಗೆ ಸಿಕ್ಕಿದ್ದು ದಾಂಡೇಲಿಯ ಒಂದು ಲಾರಿ ಆಫೀಸು. ಕಾಗದದ ದೊಡ್ಡ ದೊಡ್ಡ ಸುರುಳಿಗಳನ್ನು ಊರೂರಿಗೆ ಕಳಿಸುವುದು ಅವರ ವ್ಯವಹಾರ. ಮಾರ್ಗದರ್ಶಕರ ಹೆಸರು ಮೆಣಸಿನಕಾಯಿ ಸರ್. ಅದು ಅವರ ಮನೆತನದ ಅಡ್ಡಹೆಸರು, ನಾನು ಇಟ್ಟದ್ದಲ್ಲ. ಸವದತ್ತಿ ಕಡೆಯವರು, ಅವರಪ್ಪನ ಕಾಲಕ್ಕೇ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದ ಕುಟುಂಬ.

ಲಾರಿ ಆಫೀಸು ಡೀಸೆಲ್ಲಿನಿಂದ ನಡೆಯುತ್ತದೆ ಎಂದು ತಿಳಿದಿದ್ದೆ. ಅದು ನಡೆಯುವುದು ಬೈಗುಳದಿಂದ. ಸರ್ ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡರೆ ಮೊದಲು ತಡವಾಗಿ ಬಂದ ಡ್ರೈವರನಿಗೆ, ಆಮೇಲೆ ಬೇಗ ಬಂದು ಮಲಗಿದ ಡ್ರೈವರನಿಗೆ, ಆಮೇಲೆ ಹಮಾಲಿ ಮಾರುತಿಗೆ, ಯಾರೂ ಸಿಗದಿದ್ದರೆ ತಲೆಯ ಮೇಲಿನ ಫ್ಯಾನಿಗೆ. ಬೈಸಿಕೊಂಡವರು ನಗುತ್ತಲೇ ಹೋಗುತ್ತಿದ್ದರು. ಅಲ್ಲಿ ಅದು ಹಾಜರಿ ಕೂಗಿದ ಹಾಗೆ, ತನ್ನ ಹೆಸರು ಬಂದರೆ ತಾನು ಇದ್ದೇನೆ ಎಂದು ಅರ್ಥ.

ನನ್ನ ಹೆಸರು ಬರಲೇ ಇಲ್ಲ. ನಾನು ಒಳಗೆ ಕಾಲಿಟ್ಟ ದಿನ ಸರ್ ಎದ್ದು ನಿಂತು, ತಮ್ಮ ಗಾದಿ ಹಾಕಿದ ಕುರ್ಚಿಯನ್ನೇ ಕಿಟಕಿಯ ಪಕ್ಕಕ್ಕೆ ಎಳೆದು, ‘ಬರ್ರಿ, ಕುಂದರ್ರಿ, ಚಾ ಕುಡೀರಿ’ ಎಂದರು. ನಮ್ಮ ಕಡೆ ಬೀಗರಿಗೆ ಹೇಳುವ ಮಾತು ಅದು. ಬೀಗರಿಗೆ ಯಾರೂ ಕೆಲಸ ಹೇಳುವುದಿಲ್ಲ. ಚಹಾ ಮುಗಿದ ಮೇಲೆ ಏನು ಮಾಡಲಿ ಎಂದು ಕೇಳಿದೆ. ಆರಾಮ ಕುಂದರ್ರಿ ಎಂದರು. ಮರುದಿನವೂ ಹಾಗೆಯೇ ಆಯಿತು, ಮಳೆಗಾಲ ಮುಗಿದರೂ ಹಾಗೆಯೇ ಇತ್ತು.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗದು ಹಿತವಾಗಿಯೇ ಇತ್ತು. ಕಿಟಕಿಯಾಚೆ ಲಾರಿಗಳು, ಅವುಗಳ ಹಿಂದೆ ಸಾಗವಾನಿ ಮರಗಳು, ಮರಗಳ ಹಿಂದೆ ಕಾಳಿ ನದಿಯಿಂದ ಏಳುವ ಮಂಜು. ಒಮ್ಮೊಮ್ಮೆ ಜೋಡಿ ಮಂಗಟ್ಟೆಗಳು ಹಾದುಹೋದರೆ ರೆಕ್ಕೆಯ ಸದ್ದು ಆಫೀಸಿನೊಳಗೂ ಕೇಳುತ್ತಿತ್ತು. ಒಂದೊಂದು ಲಾರಿ ಹೊರಟಾಗಲೂ ನಾನು ಕ್ಲೀನರನ ಸೀಟಿನಲ್ಲಿ ಕೂತು ಹೊರಡುತ್ತಿದ್ದೆ. ಸೂರತ್‌ನಲ್ಲಿ ಸಮುದ್ರ ನೋಡಿದೆ. ಚೆನ್ನೈಯಲ್ಲಿ ಇಡ್ಲಿ ತಿಂದೆ. ಕೊಲ್ಕತ್ತಾಕ್ಕೆ ಹೋದವಳು ಎರಡು ದಿನ ಆಫೀಸಿನ ಕಡೆ ಬರಲೇ ಇಲ್ಲ, ಕುರ್ಚಿಯಲ್ಲಿ ಮಾತ್ರ ಇದ್ದೆ. ಹಾಗೆ ಭಾರತ ದರ್ಶನ ಮುಗಿಯುತ್ತ ಬಂದಾಗ ಒಂದು ದಿನ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಅವಧಿಯೂ ಮುಗಿಯುತ್ತ ಬಂದಿತ್ತು, ನನಗೆ ಚಹಾ ಕುಡಿಯುವುದರ ಹೊರತು ಏನೂ ಬರುತ್ತಿರಲಿಲ್ಲ.

ತಪ್ಪು ಮಾಡಿಯಾದರೂ ಅವರ ಲಕ್ಷ್ಯ ಸೆಳೆಯೋಣ ಎಂದು ಬಿಲ್ಟಿಗಳ ಮೇಲೆ, ಅಂದರೆ ಲಾರಿಯ ಜೊತೆ ಹೋಗುವ ಸರಕಿನ ಚೀಟಿಗಳ ಮೇಲೆ, ಆಫೀಸಿನ ರಬ್ಬರಿನ ಸಿಕ್ಕಾ ತಲೆಕೆಳಗಾಗಿ ಹೊಡೆದೆ. ಸರ್ ಚೀಟಿಯನ್ನು ತಿರುಗಿಸಿ ನೋಡಿ, ಹಿಂಗೂ ಛಂದ ಕಾಣುತ್ತದೆ ಎಂದು ಮೆಚ್ಚಿಕೊಂಡು, ಸಿಕ್ಕಾವನ್ನು ನನ್ನ ಕೈಗೆ ಸಿಗುವಂತೆ ಇಟ್ಟದ್ದಕ್ಕೆ ಮಾರುತಿಯನ್ನು ಬೈದರು. ನನ್ನ ಪಾಲಿನದು ಅವನಿಗೆ ಹೋದದ್ದು ಕಂಡು ಹೊಟ್ಟೆಕಿಚ್ಚಾಯಿತು. ಆ ವಾರವೇ ಹಳಿಯಾಳದಿಂದ ಸಂಸ್ಥೆಯ ಮೇಡಂ ಬಂದು, ಹುಡುಗಿ ಹೇಗೆ ಎಂದು ಕೇಳಿದರು. ‘ಭಾಳ ಛಲೋ ಹುಡುಗಿ ರೀ. ಬಂದಾಗಿಂದ ಒಂದ ಸಲ ಕುರ್ಚಿ ಬಿಟ್ಟ ಎದ್ದಿಲ್ಲ’ ಎಂದು ಸರ್ ಮನಸಾರೆ ಹೊಗಳಿದರು. ಮೇಡಂ ನನ್ನ ಮುಖ ನೋಡಿದರು, ನಾನು ನದಿಯ ಕಡೆ ನೋಡಿದೆ.

ಮೇಡಂ ಹೋದ ಮೇಲೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

‘ಸರ್, ನನಗೂ ಒಮ್ಮೆ ಬಯ್ರಿ.’

ಸರ್ ಹೌಹಾರಿದರು. ‘ನಿಮಗ್ಯಾಕ ಬಯ್ಯಲಿ ರೀ? ನೀವೇನ ತಪ್ಪ ಮಾಡೀರಿ?’

‘ತಪ್ಪ ಮಾಡಾಕರ ಏನರ ಕೆಲಸ ಕೊಡ್ರಿ.’

ಸರ್ ಮರುದಿನ ಬಿಲ್ಟಿಗಳ ಗಂಟನ್ನೂ ಫೋನನ್ನೂ ನನ್ನ ಮೇಜಿಗೆ ತಂದಿಟ್ಟರು. ಮುಖ ಮಾತ್ರ, ಕೂಸನ್ನು ಮೊದಲ ಸಲ ಅಂಗನವಾಡಿಗೆ ಬಿಡುವ ತಾಯಿಯದಿದ್ದ ಹಾಗೆ ಇತ್ತು. ಕೆಲಸ ಕಲಿತೆ. ಸಿಕ್ಕಾ ಸರಿಯಾಗಿಯೇ ಬೀಳತೊಡಗಿತು. ಆದರೆ ಕನಸಿಗೆ ನಾನು ಉದ್ಯೋಗಸ್ಥೆ ಆದದ್ದನ್ನು ಯಾರೂ ತಿಳಿಸಿರಲಿಲ್ಲ. ಒಂದು ಮುಂಜಾನೆ ಸೂರತ್‌ದೂ ಸೊಲ್ಲಾಪುರದ್ದೂ ಎರಡು ಲಾರಿ ತುಂಬಿ ನಿಂತಿದ್ದವು. ಮಂಜು ಕಿಟಕಿಯವರೆಗೆ ಬಂದಿತ್ತು. ನಾನು ಸಮುದ್ರದ ದಂಡೆಯಲ್ಲಿ ನಿಂತುಕೊಂಡೇ ಇವರ ಬಿಲ್ಟಿ ಅವರಿಗೆ, ಅವರದು ಇವರಿಗೆ ಕೊಟ್ಟೆ. ಸೊಲ್ಲಾಪುರದವನು ಹೊರಟುಹೋದ. ಹಳಿಯಾಳದಲ್ಲಿ ಚಹಾಕ್ಕೆ ನಿಂತು ಚೀಟಿ ಓದಿದವನು ಫೋನ್ ಮಾಡಿದ. ಎತ್ತಿದ್ದು ಸರ್.

‘ಏ ಹುಡುಗಿ, ಲಕ್ಷ್ಯ ಎಲ್ಲೈತಿ ನಿಂದು?’ ಎಲ್ಲರೂ ಕೆಲಸ ಬಿಟ್ಟು ನನ್ನ ಕಡೆ ತಿರುಗಿದರು. ‘ಕಣ್ಣ ತೆರಕೊಂಡಽ ನಿದ್ದಿ ಮಾಡ್ತಿ ಏನು? ಸೂರತ್ ಗಾಡಿ ಇನ್ನಾ ಗೇಟ ದಾಟಿಲ್ಲ. ಏಳ ಮ್ಯಾಲ. ಹೋಗಿ ನಿಂದ್ರಸು ಅದನ್ನ.’

ಮಾರುತಿ, ನಾ ಓಡತೇನಿ ಎಂದು ಎದ್ದ. ‘ನೀ ಕುಂದರಲೇ’ ಎಂದರು ಸರ್, ‘ಆಕೀ ತಪ್ಪು, ಆಕೀನ ಹೋಗ್ಲಿ.’

‘ಏಳು’ ಎಂದು ಅದುವರೆಗೆ ನನಗೆ ಯಾರೂ ಹೇಳಿದ್ದಿಲ್ಲ. ಊರುಗೋಲು ಯಾವಾಗ ಕೈಗೆ ಬಂತೋ, ಮೆಟ್ಟಿಲು ಯಾವಾಗ ಇಳಿದೆನೋ ತಿಳಿಯಲಿಲ್ಲ. ಗೇಟಿನ ನಡುಮಧ್ಯೆ ನಿಂತು ಊರುಗೋಲನ್ನು ಮೇಲೆತ್ತಿದೆ. ಅಷ್ಟು ದೊಡ್ಡ ಲಾರಿ ಮಂಜಿನೊಳಗಿಂದ ಬಂದು, ನನ್ನೆದುರು ಬುಸ್ಸೆಂದು ನಿಂತಿತು. ತಪ್ಪು ಮಾಡಿದ ನಾಚಿಕೆ ಇತ್ತು. ಅದಕ್ಕಿಂತ ಹೆಚ್ಚು, ಹೇಳಿಕೊಳ್ಳಲಾಗದಷ್ಟು ಸಂತೋಷವಿತ್ತು. ಮರಳಿ ಬರುವಾಗ ಸರ್ ಬಾಗಿಲಲ್ಲೇ ನಿಂತಿದ್ದರು. ಸಿಟ್ಟಿನಾಗ ಏನೋ ಅಂದೆ ತಂಗಿ ಎಂದು ಶುರುಮಾಡಿದರು. ಅಂದದ್ದನ್ನು ಹಿಂದಕ್ಕೆ ತೆಗೆದುಕೊಂಡುಬಿಡುತ್ತಾರೋ ಎಂದು ನನಗೆ ಗಾಬರಿಯಾಯಿತು. ‘ಸರ್, ಅದು ನಂದು, ಇರ್ಲಿ ಬಿಡ್ರಿ’ ಎಂದು ಒಳಗೆ ಹೋದೆ.

ನೌಕರಿ ಸಿಕ್ಕಿತು. ಈಗ ದಿನಾ ನನ್ನ ಪಾಲು ನನಗೆ ತಪ್ಪದೆ ಬರುತ್ತದೆ. ಗಾದಿ ಹಾಕಿದ ಕುರ್ಚಿ ಮರಳಿ ಸರ್ ಕಡೆಗೆ ಹೋಗಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮೊನ್ನೆ ಅದೇ ಸಂಸ್ಥೆ ಸನವಳ್ಳಿಯ ರೇಣುಕಾ ಎಂಬ ಪದವೀಧರೆಯನ್ನು ನಮ್ಮಲ್ಲಿಗೆ ಕಳಿಸಿತು. ಅವಳಿಗೆ ದೃಷ್ಟಿ ಬಹಳ ಮಂದ, ಕೈಯಲ್ಲಿ ಬಿಳಿ ಕೋಲು. ಮಾರ್ಗದರ್ಶಕಿ ನಾನೇ. ಏನೇನು ಕಲಿಸಬೇಕು, ಹೇಗೆ ಮೊದಲ ದಿನದಿಂದಲೇ ಫೋನು ಕೈಗೆ ಕೊಡಬೇಕು ಎಂದು ಹಿಂದಿನ ದಿನವೆಲ್ಲ ಯೋಚಿಸಿ ಇಟ್ಟುಕೊಂಡಿದ್ದೆ. ಅವಳು ಬಾಗಿಲಲ್ಲಿ ಕಾಣಿಸಿಕೊಂಡಳು. ನಾನು ಎದ್ದು, ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ.

‘ಬರ್ರಿ, ಕುಂದರ್ರಿ. ಚಾ ತರಸ್ತೇನಿ.’

‘ಅಕ್ಕಾರ, ಸನವಳ್ಳಿಯಿಂದ ಕುಂತಽ ಬಂದೇನಿ’ ಎಂದಳು ರೇಣುಕಾ. ‘ಕೆಲಸ ಏನೈತಿ ಹೇಳ್ರಿ.’

ಆಚೆ ಮೇಜಿನಿಂದ ಮೆಣಸಿನಕಾಯಿ ಸರ್ ತಲೆಯೆತ್ತಿ ನೋಡಿದರು. ಅವರು ಆ ಹೊತ್ತು ನನಗೆ ಬೈದದ್ದು ನನ್ನ ಹಕ್ಕಿನದೇ, ಒಂದಕ್ಷರವೂ ಹೆಚ್ಚಾಗಿರಲಿಲ್ಲ. ಆದರೂ ಅದು ಯಾಕೋ ಮೊದಲಿನದರಷ್ಟು ರುಚಿಸಲಿಲ್ಲ.