ಬೋರ್ಡಿನ ನಡುವಿನ ಖಾಲಿ ಜಾಗ

ಕಣ್ಣಿನ ಡಾಕ್ಟರ ಮುಂದೆ ಕೂತು ಯಾರಾದರೂ ಹಲ್ಲು ತೋರಿಸುತ್ತಾರೆಯೇ? ಈ ಒಂದು ಪ್ರಶ್ನೆಯಿಂದ ನನ್ನ ತಲೆ ಕೆಟ್ಟು ಎರಡು ತಿಂಗಳಾಯಿತು. ಕೇಳಿದವನು ನನ್ನ ಹೆಂಡತಿಯ ತಮ್ಮ ರಾಜೀವ.

ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದು, ಸ್ವಯಂನಿವೃತ್ತಿ ಪಡೆದು, ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ನನ್ನದೇ ಕಚೇರಿ ತೆರೆಯಲು ಹೊರಟಿದ್ದೆ. 'ಎಲ್ಲ ತರಹದ ಲೆಕ್ಕ ಬರೆದುಕೊಡಲಾಗುವುದು' ಎಂಬ ಬೋರ್ಡು ಬರೆಸುವುದಷ್ಟೇ ಬಾಕಿ.

"ಎಲ್ಲಾ ತರಹದ್ದು ಅಂದ್ರ ಯಾವದೂ ಇಲ್ಲ ಅಂದಂಗ, ಭಾವಾ," ಎಂದ ರಾಜೀವ. "ಒಂದ ಧಂದೆ ಹಿಡೀರಿ. ಆ ಧಂದೆಯವರ ಲೆಕ್ಕಾ ಅಷ್ಟ ಬರೀರಿ. ಕಣ್ಣಿನ ಡಾಕ್ಟರಗ ಹಲ್ಲು ತೋರಸ್ತೀರೇನು?"

ಮಾತು ನಾಟಿತು. ಮೊದಲು ನನ್ನ ಹೆಸರು ಬರುವಂತೆ 'ಬಿಂದುಮಾಧವ: ಇಲ್ಲಿ' ಎಂದು ಬರೆಸಿ, ನಡುವೆ ಒಂದು ಗೇಣು ಖಾಲಿ ಬಿಡಿಸಿ, 'ಲೆಕ್ಕ ಮಾತ್ರ ಬರೆಯಲಾಗುವುದು' ಎಂದು ಮುಗಿಸಿದೆ. (ಮರಾಠಿಯಲ್ಲಿ. ಪುಣೆಯಲ್ಲಿ ಕನ್ನಡದ ಬೋರ್ಡು ಹಾಕಿದರೆ ಓದಬೇಕಾದವಳು ನನ್ನ ಹೆಂಡತಿ ನೀಲಿಮಾ. ಅವಳು ನಾನು ಬರೆದದ್ದನ್ನು ಓದುವುದಿಲ್ಲ.) ಆ ಒಂದು ಗೇಣಿನಲ್ಲಿ ಯಾವ ಧಂದೆಯನ್ನು ಕೂರಿಸುವುದೆಂಬುದೇ ಈಗ ನನ್ನ ಜೀವನದ ಪರಮಪ್ರಶ್ನೆ.

ನೀಲಿಮಾಳಿಗೆ ಪರಮಪ್ರಶ್ನೆಗಳಲ್ಲಿ ಆಸಕ್ತಿಯಿಲ್ಲ. ಅವಳ ಕಣ್ಣು ಕೋಣೆಯ ಮೇಲೆ.

"ದೀಪಾವಳಿ ಪಾಡ್ಯಾಕ್ಕ ಹೊಸಾ ಲೆಕ್ಕದ ಪುಸ್ತಕದ ಪೂಜಾ ಮಾಡ್ತಾರ. ಅಷ್ಟರಾಗ ಒಬ್ಬರೆ ಗಿರಾಕಿ ಸಿಕ್ಕಿರಬೇಕು. ಇಲ್ಲಂದ್ರ ಖೋಲಿ ನಂದು."

"ನಿನಗ ಯಾಕ ಖೋಲಿ?"

"ಡಬ್ಬಿ ಇಡ್ಲಿಕ್ಕೆ."

"ಡಬ್ಬಿಗೊಂದು ಖೋಲಿ ಬೇಕಾ?"

"ನಿಮಗ ಬೇಕಾಗೇದಲ್ರೀ?"

ಕ್ಷೇತ್ರಾಧ್ಯಯನಕ್ಕೆ ಇಳಿದೆ. ಒಂದೊಂದು ಧಂದೆಯವರನ್ನು ಮನೆಗೆ ಕರೆದು, ಅವರ ವ್ಯವಹಾರದ ಒಳಹೊರಗು ತಿಳಿದು, ಆಮೇಲೆ ಆರಿಸುವುದು. ಮೊದಲು ಬಂದವರು ಕಟ್ಟಡದ ಗುತ್ತಿಗೆದಾರರು. ನಾನು ಸಿಮೆಂಟಿನ ದಾಸ್ತಾನಿನ ಬಗ್ಗೆ ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ನೀಲಿಮಾ ಅವಲಕ್ಕಿ ಚೂಡಾದ ತಾಟು, ಚಹಾ ತಂದಿಟ್ಟಳು. ನಾವು ಧಾರವಾಡದವರು, ಮೀಟರ್ ನೋಡಲು ಬಂದವನೂ ನಮ್ಮ ಮನೆಯಿಂದ ಬರಿಬಾಯಲ್ಲಿ ಹೋಗುವಂತಿಲ್ಲ. 'ಬೇಕೇ' ಎಂದು ಕೇಳದೆ ಚಹಾ ಕೊಡದ ಊರಿನವರು, ಹುಟ್ಟಾ ಪುಣೆಯವರಾದ ಗುತ್ತಿಗೆದಾರರು ಕೇಳದೆಯೇ ಬಂದ ತಾಟನ್ನು ಒಂದು ಗಳಿಗೆ ಅನುಮಾನದಿಂದ ನೋಡಿದರು. ಆಮೇಲೆ ಸಿಮೆಂಟಿನ ಮಾತೇ ಬರಲಿಲ್ಲ.

ಗುತ್ತಿಗೆದಾರರು ಗಟ್ಟಿ ಗಿರಾಕಿ ಅನ್ನಿಸಿ ಅವರನ್ನೇ ಹಿಡಿಯೋಣವೆಂದುಕೊಂಡೆ. ಮರುದಿನ ಖಡಕಿಯ ದಂತವೈದ್ಯರು ಬಂದರು; ಮನಸ್ಸು ಹಲ್ಲಿನ ಕಡೆ ಹೊರಳಿತು. ಅವರು ನೀಲಿಮಾಳ ಕೋಡುಬಳೆ ಕಡಿದು, "ಇಷ್ಟು ಗಟ್ಟಿ ಇನ್ನೆಲ್ಲೂ ತಿಂದಿಲ್ಲ" ಎಂದು ಮರಾಠಿಯಲ್ಲಿ ಉದ್ಗರಿಸಿ, ರೋಗಿಗಳಿಗೆ ಹಂಚಲು ಐದು ಕಿಲೋ ಹೇಳಿ ಹೋದರು. (ದೂರದೃಷ್ಟಿಯ ಮನುಷ್ಯ.) ಮೂರನೆಯವರು ಯೋಗ ಕಲಿಸುವವರು. ಲೆಕ್ಕದ ಮಾತೆತ್ತಿದರೆ ಕಣ್ಣು ಮುಚ್ಚುತ್ತಿದ್ದರು, ತಾಟು ಬಂದರೆ ತೆರೆಯುತ್ತಿದ್ದರು. ದೀಪಾವಳಿ ಫರಾಳಕ್ಕೆ, ಅಂದರೆ ಹಬ್ಬದ ತಿಂಡಿಗೆಂದು, ಚಕ್ಕುಲಿ, ಶೇವು, ಶಂಕರಪಾಳಿ ಎಲ್ಲ ಬರೆಸಿದರು. ಬರೆದುಕೊಂಡವನು ನಾನೇ.

ಹೀಗೆ ಹನ್ನೊಂದು ಧಂದೆಗಳಾದವು. ನನಗೋ ಪೂರ್ತಿ ಗೊಂದಲ: ಬೆಳಿಗ್ಗೆ ಔಷಧಿ ಅಂಗಡಿ ಅನ್ನಿಸಿದರೆ ಸಂಜೆ ಡಾನ್ಸ್ ಕ್ಲಾಸು. ಗಿರಾಕಿ ಜಮಾ ಆಗಲಿಲ್ಲ, ಚೂಡಾ ಮಾತ್ರ ಖರ್ಚಾಯಿತು.

ಈ ನಡುವೆ ಕೆಳಗಿನ ಮನೆಯ ಸುರಭಿ ಬಂದಳು. ಮಾತು ನಮ್ಮ ಕಡೆಯದೇ, ಓದು ಬರಹವೆಲ್ಲ ಮರಾಠಿ. ಬಿ.ಕಾಂ. ಮುಗಿಸಿದ ಹುಡುಗಿ, ನನ್ನ ಕೈಕೆಳಗೆ ಕೆಲಸ ಕಲಿಯುವ ಆಸೆ.

"ಮೊದಲ ಒಂದ ಧಂದೆ ಹಿಡಿ," ಎಂದು ಗಂಭೀರವಾಗಿ ಉಪದೇಶಿಸಿದೆ. "ಕಣ್ಣಿನ ಡಾಕ್ಟರ ಮುಂದ..."

"ನೀವು ಯಾವ್ದು ಹಿಡದೀರಿ, ಕಾಕಾ?"

"ಅಧ್ಯಯನ ನಡದದ."

ಅವಳು ಎರಡು ತಾಟು ಚೂಡಾ ಮುಗಿಸಿ, ಯೋಚಿಸುತ್ತ ಹೋದಳು.

ಪಾಡ್ಯದ ಮುನ್ನಾದಿನ ಬಂತು. ಇನ್ನೂ ಒಬ್ಬ ಗಿರಾಕಿಯಿಲ್ಲ. ಅಡುಗೆಮನೆಯಿಂದ ಉಕ್ಕಿದ ಡಬ್ಬಿಗಳು ಪಡಸಾಲೆ ದಾಟಿ ನನ್ನ ಕಚೇರಿಯ ಹೊಸ್ತಿಲಿಗೆ ಬಂದಿದ್ದವು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಬಂದವರು, ಅವರ ಬಂಧುಬಳಗ ಎಲ್ಲ ಸೇರಿ ನಲವತ್ತು ಮನೆಗಳ ಫರಾಳ! ಇಷ್ಟು ದೊಡ್ಡ ವ್ಯವಹಾರ ನನ್ನ ಮನೆಯಲ್ಲೇ! ಅಡುಗೆಮನೆಗೆ ಓಡಿದೆ.

"ನೀಲಿಮಾ, ಸಿಕ್ತು! ತಿಂಡಿ ಧಂದೆ! ನಿನ್ನ ಲೆಕ್ಕಾ ನಾ ಬರೀತೀನಿ. ನೀನ ನನ್ನ ಮೊದಲನೇ ಗಿರಾಕಿ. ಖೋಲಿ ಉಳೀತು!"

ಅವಳು ಚಕ್ಕುಲಿ ತಿರುವಿ ಹಾಕಿ, ಕನಿಕರದಿಂದ ನೋಡಿದಳು.

"ನನ್ನ ಲೆಕ್ಕಾ ಸುರಭಿಗೆ ಕೊಟ್ಟೀನ್ರಿ. ಆಕಿ ಬರೇ ತಿಂಡಿಯವರ ಲೆಕ್ಕಾ ಬರೀತಾಳ. ನೀವ ಹೇಳಿದ್ರಂತ."

"ಅಲ್ಲ, ನಂದು ಇಪ್ಪತ್ತಾರು ವರ್ಷದ ಅನುಭವ..."

"ಕಾರ್ಖಾನೇದು. ಕಣ್ಣಿನ ಡಾಕ್ಟರಗ ನಾ ಯಾಕ ಹಲ್ಲು ತೋರಸ್ಲಿ?"

(ನಾನು ಓದಿದ್ದು ಕಾನ್ವೆಂಟಿನಲ್ಲಿ, ತಪ್ಪೊಪ್ಪಿಕೊಳ್ಳುವುದನ್ನು ಅಲ್ಲಿ ಚಿಕ್ಕಂದಿನಲ್ಲೇ ಕಲಿಸಿದ್ದರು. ಹೊಸ್ತಿಲಲ್ಲಿದ್ದ ಡಬ್ಬಿಗಳನ್ನು ನಾನೇ ಕೋಣೆಯೊಳಗೆ ಸಾಗಿಸಿದೆ.)

ಮರುದಿನ ಪಾಡ್ಯ. ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮೇಲೆ ಪೂಜೆ. ಹೊಸ ಪುಸ್ತಕದ ಮೊದಲ ಪುಟಕ್ಕೆ ಕುಂಕುಮ ಹಚ್ಚಿ, ನನ್ನ ಕುರ್ಚಿಯಲ್ಲಿ ಕೂತವಳು ಸುರಭಿ. ನನ್ನ ಬೋರ್ಡು ಶಂಕರಪಾಳಿಯ ದೊಡ್ಡ ಡ್ರಮ್ಮಿಗೆ ಮುಚ್ಚಳವಾಗಿತ್ತು. ಅಳತೆ ಸರಿಯಾಗಿಯೇ ಕೂತಿತ್ತು.

"ರೀ, ಆಕಿ ಬರಿಬಾಯಲೆ ಕೂತಾಳ ನೋಡ್ರಿ," ನೀಲಿಮಾ ಒಳಗಿಂದ ಕೂಗಿದಳು. "ನನ್ನ ಕೈ ಹಿಟ್ಟಾಗೇದ."

ಧಾರವಾಡದ ಮರ್ಯಾದೆಯ ಪ್ರಶ್ನೆ. ಚೂಡಾದ ತಾಟು, ಚಹಾ ತಂದು ಸುರಭಿಯ ಮುಂದಿಟ್ಟೆ. ಅವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ತಲೆಯೆತ್ತಿ ಸಂತೋಷದಿಂದ ನಕ್ಕಳು.

"ಕಡೀಕೂ ಒಂದ ಧಂದೆ ಹಿಡದ್ರಿ ನೋಡ್ರಿ, ಕಾಕಾ!"