ದಾರದಲ್ಲಿ ಅಳೆದ ದಾರಿ

"ಹತ್ತು ನಲವತ್ತಕ್ಕೆ ನಿನ್ನ ಕಾಲು ಸಮುದ್ರದ ಮರಳಿನ ಮೇಲಿರುತ್ತೆ. ಹತ್ತು ನಲವತ್ತೊಂದು ಆದರೆ ನನ್ನನ್ನ ಕೇಳು!"

ವೇಳಾಪಟ್ಟಿ ಸಾಹೇಬರು ಹೀಗೆ ಘೋಷಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು. ಬಾಯಲ್ಲಿ ನೊರೆ ಇದ್ದದ್ದರಿಂದ ಘೋಷಣೆಯ ಗಾಂಭೀರ್ಯ ಕೊಂಚ ಕಡಿಮೆಯಾಯಿತು, ಅಷ್ಟೆ.

ಹಾಗೆ ಹೇಳಲು ಅವರಿಗೆ ಹಕ್ಕಿತ್ತು. ಸಾರಿಗೆ ಕಚೇರಿಯ ಮೂರನೇ ಮಹಡಿಯಲ್ಲಿ ಕೂತು ಹತ್ತೊಂಬತ್ತು ವರ್ಷಗಳಿಂದ ಆ ನಗರದ ಬಸ್ಸುಗಳ ಹಣೆಬರಹ ಬರೆಯುತ್ತಿದ್ದವರು ಅವರೇ. ಯಾವ ಬಸ್ಸು ಎಷ್ಟು ಗಂಟೆಗೆ ಎದ್ದು, ಎಲ್ಲಿ ಎಷ್ಟು ಹೊತ್ತು ಉಸಿರು ಬಿಟ್ಟು, ಎಷ್ಟು ಗಂಟೆಗೆ ಎಲ್ಲಿ ಮಲಗಬೇಕು ಎಂಬುದೆಲ್ಲ ಅವರ ಪೆನ್ನಿನ ತುದಿಯಲ್ಲಿತ್ತು. ಒಂದು ಸಣ್ಣ ಸಂಗತಿ ಮಾತ್ರ ಹೇಳಬೇಕು: ಸಾಹೇಬರು ಸ್ಕೂಟರಿನಲ್ಲಿ ಓಡಾಡುವವರು. ತಾವು ಬರೆದ ಬಸ್ಸನ್ನು ತಾವೇ ಒಮ್ಮೆಯೂ ಹತ್ತಿರಲಿಲ್ಲ.

ಸಮುದ್ರಕ್ಕೆ ಹೊರಟಿದ್ದವರು ಅವರ ಹೆಂಡತಿ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರಾದ್ದರಿಂದ ಬೀದಿಗೆಲ್ಲ ಅವರು ಟೀಚರಮ್ಮ. ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಹವಳದ ಚಿತ್ರ ಬಿಡಿಸಿದ ಮೇಲೆ ಒಂದು ದಿನ ಸೀಮೆಸುಣ್ಣ ಕೆಳಗಿಟ್ಟು, "ಇದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು" ಎಂದವರೇ ಊರಿನ ಈಜುಕೊಳದಲ್ಲಿ ಡೈವಿಂಗ್ ಕಲಿಯಲು ಸೇರಿಬಿಟ್ಟಿದ್ದರು. ಮೂರು ತಿಂಗಳು, ಪ್ರತಿ ಭಾನುವಾರ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕೊಳದ ತಳದ ಟೈಲ್ಸು ಎಣಿಸಿದ್ದೇ ಎಣಿಸಿದ್ದು. ಇನ್ನು ಉಳಿದದ್ದು ಸಮುದ್ರದಲ್ಲಿ ಒಂದೇ ಒಂದು ಸಲ ಮುಳುಗಿ ಏಳುವುದು. ಕಡಲೂರಿನಿಂದ ಶನಿವಾರ ಹನ್ನೊಂದೂವರೆಗೆ ದೋಣಿ. ಮಳೆಗಾಲಕ್ಕೆ ಮುಂಚೆ ಅದೇ ಕೊನೆಯದು. ಮರುದಿನದಿಂದ ನಾಲ್ಕು ತಿಂಗಳು ಕಡಲು ಕೆರಳುತ್ತದೆ, ಯಾರೂ ಇಳಿಯುವಂತಿಲ್ಲ. ಅಷ್ಟರಲ್ಲಿ ಕಲಿತದ್ದರ ಗಡುವು ಮುಗಿದು, ಮತ್ತೆ ಮೊದಲಿಂದ ಟೈಲ್ಸು ಎಣಿಸಬೇಕು!

ಜೊತೆಗೆ ಕಲಿತವರೆಲ್ಲ ಹಿಂದಿನ ದಿನವೇ ವ್ಯಾನು ಮಾಡಿಕೊಂಡು ಹೋಗಿದ್ದರು.

"ನಾನೂ ಅವರ ಜೊತೆ ಹೋಗಿಬಿಡ್ಲಾ?" ಎಂದು ಟೀಚರಮ್ಮ ಕೇಳಿದ್ದರು.

ಸಾಹೇಬರಿಗೆ ಅದು ನೇರವಾಗಿ ಎದೆಗೆ ನಾಟಿತ್ತು. "ವೇಳಾಪಟ್ಟಿ ಬರೆಯೋನ ಹೆಂಡ್ತಿ ವ್ಯಾನಲ್ಲಿ ಹೋಗೋದಾ? ಏಳಕ್ಕೆ ನಮ್ಮ ಬಸ್ಸು. ಒಂಬತ್ತು ಹತ್ತಕ್ಕೆ ಜಂಕ್ಷನ್. ಒಂಬತ್ತು ಹನ್ನೆರಡಕ್ಕೆ ಅಲ್ಲಿಂದ ಕಡಲೂರಿನ ಬಸ್ಸು. ನಾನೇ ಜೊತೆಗೆ ಬರ್ತೀನಿ."

"ಎರಡೇ ನಿಮಿಷದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತೋದಾ?"

"ಇಳಿಯೋಕೆ ಒಂದು ನಿಮಿಷ, ಹತ್ತೋಕೆ ಒಂದು ನಿಮಿಷ. ಲೆಕ್ಕ ಸರಿಯಾಗಿದೆಯಲ್ಲ?"

ವಿಜ್ಞಾನದ ಟೀಚರಿಗೆ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ.

ಬಸ್ಸು ಸರಿಯಾಗಿ ಏಳಕ್ಕೆ ಹೊರಟಿತು. ಸಾಹೇಬರು ಕೈಗಡಿಯಾರ ನೋಡಿ, ಮಗ ಪಾಸಾದ ಸುದ್ದಿ ಕೇಳಿದ ತಂದೆಯಂತೆ ನಕ್ಕರು. ಏಳು ಹನ್ನೊಂದಕ್ಕೆ ಆಸ್ಪತ್ರೆಯ ಗೇಟಿನ ಮುಂದೆ ಬಸ್ಸು ನಿಂತಿತು. ಅಲ್ಲಿ ನಿಲ್ದಾಣವೇ ಇರಲಿಲ್ಲ!

"ಯಾಕಪ್ಪ ನಿಲ್ಲಿಸಿದೆ?" ಸಾಹೇಬರು ಗುಡುಗಿದರು.

"ನರ್ಸಮ್ಮ ಬರ್ಬೇಕು ಸಾರ್. ಡ್ಯೂಟಿ ಮುಗಿಸ್ಕೊಂಡು ಓಡಿ ಬರ್ತಾರೆ. ದಿನಾ ನಿಲ್ಲಿಸ್ತೀನಿ," ಎಂದ ಡ್ರೈವರ್ ಹಿಂದೆ ತಿರುಗಿಯೂ ನೋಡದೆ.

ನರ್ಸಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದರು. ಇಡೀ ಬಸ್ಸು ಅವರಿಗೆ ಜಾಗ ಮಾಡಿಕೊಟ್ಟಿತು. ಐದು ನಿಮಿಷ ಹೋಯಿತು. ಹೋಗಲಿ, ಮುಂದೆ ಗುಡ್ಡದ ದಾರಿಯಲ್ಲಿ ಸರಿಹೋಗುತ್ತದೆ, ಅಲ್ಲಿ ಬರೀ ಮೂರು ನಿಮಿಷ ಎಂದು ಸಾಹೇಬರು ಸಮಾಧಾನ ಮಾಡಿಕೊಂಡರು.

ಗುಡ್ಡ ಬಂತು. ಬಸ್ಸು ಮೊದಲನೇ ಗೇರಿಗೆ ಇಳಿದು, ಕೆಮ್ಮಿ, ನರಳಿ, ಮೇಲೇರತೊಡಗಿತು. ಮೂರು ನಿಮಿಷವಾಯಿತು. ಆರಾಯಿತು. ಪಕ್ಕದಲ್ಲಿ ಒಂದು ಮುದುಕಿ ಕಟ್ಟಿಗೆಯ ಹೊರೆ ಹೊತ್ತು ನಡೆಯುತ್ತಿದ್ದಳು. ಕೊಂಚ ಹೊತ್ತು ಬಸ್ಸು ಮುಂದೆ, ಕೊಂಚ ಹೊತ್ತು ಮುದುಕಿ ಮುಂದೆ.

"ಈ ಗುಡ್ಡಕ್ಕೆ ಮೂರೇ ನಿಮಿಷ ಅಂತ ಬರೆದೋರು ಯಾರ್ರೀ?" ಹಿಂದಿನ ಸೀಟಿನಿಂದ ಒಬ್ಬ ದರ್ಜಿ ಕೇಳಿದ. ಕಡಲೂರಿನ ಹೋಟೆಲಿಗೆ ಕೊಡಬೇಕಾದ ಪರದೆಗಳ ದೊಡ್ಡ ಗಂಟೊಂದು ಅವನ ತೊಡೆಯ ಮೇಲಿತ್ತು. "ನೆಲದ ಮೇಲೆ ಕಾಲೇ ಇಡದೋನಿರ್ಬೇಕು!"

ಟೀಚರಮ್ಮ ಗಂಡನ ಕಡೆ ನಿಧಾನವಾಗಿ ತಿರುಗಿದರು. "ರೀ, ಈ ದಾರಿ ನೀವು ಅಳೆದಿದ್ದು ಹೇಗೆ?"

"ನಕ್ಷೆಯ ಮೇಲೆ," ಸಾಹೇಬರು ಪಿಸುಗುಟ್ಟಿದರು. "ದಾರ ಇಟ್ಟು. ಗೋಡೆ ಮೇಲೆ ದೊಡ್ಡ ನಕ್ಷೆ ಇದೆ ಕಣೇ. ದಾರ ಇಟ್ಟು, ಆಮೇಲೆ ಸ್ಕೇಲಿಗೆ ಹಿಡಿದು..."

"ಗುಡ್ಡ ಎಷ್ಟು ಎತ್ತರ ಅಂತ ದಾರ ಹೇಳ್ತಾ?"

ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಮುದುಕಿ ಮತ್ತೆ ಮುಂದಾಗಿದ್ದಳು.

ಜಂಕ್ಷನ್ನಿಗೆ ಬಂದಾಗ ಒಂಬತ್ತು ಇಪ್ಪತ್ತೆರಡು. ಕಡಲೂರಿನ ಬಸ್ಸಿನ ಜಾಗದಲ್ಲಿ ಒಂದಿಷ್ಟು ಎಣ್ಣೆಯ ಕಲೆ ಮಾತ್ರ ಇತ್ತು.

"ಹೊರಟೋಯ್ತಾ?" ಕೆಳಗಿಳಿದ ಹದಿನೈದಿಪ್ಪತ್ತು ಜನ ಒಟ್ಟಿಗೆ ಕೂಗಿದರು. "ದಿನಾ ಕಾಯ್ತಿತ್ತಲ್ಲ?"

ನಿಲ್ದಾಣದ ಕಂಟ್ರೋಲರ್ ಕಬ್ಬಿಣದ ಜಾಲರಿಯ ಹಿಂದಿನಿಂದ ಕೈ ಚಾಚಿ ಗೋಡೆ ತೋರಿಸಿದ. "ಹತ್ತು ವರ್ಷದಿಂದ ಕಾಯ್ತಿತ್ತು ಸ್ವಾಮಿ. ನಗರದ ಬಸ್ಸು ಬರದೆ ಇದು ಹೊರಡ್ತಾ ಇರ್ಲಿಲ್ಲ. ಇವತ್ತಿಂದ ಕಾಯಂಗಿಲ್ಲ. ನೋಡಿ, ಹೊಸ ಸುತ್ತೋಲೆ."

ಗೋಡೆಯ ಮೇಲಿನ ಕಾಗದಕ್ಕೆ ಹಚ್ಚಿದ ಅಂಟು ಇನ್ನೂ ಹಸಿಯಾಗಿತ್ತು. ಟೀಚರಮ್ಮ ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು: "'ಯಾವುದೇ ಬಸ್ಸು, ಯಾವುದೇ ಕಾರಣಕ್ಕೆ, ಯಾರಿಗಾಗಿಯೂ ಒಂದು ನಿಮಿಷವೂ ಕಾಯತಕ್ಕದ್ದಲ್ಲ. ತಪ್ಪಿದಲ್ಲಿ ವಿವರಣೆ ಕೇಳಲಾಗುವುದು.'" ಕೆಳಗಿನ ಸಹಿಯ ಹತ್ತಿರ ಬಂದು ನಿಂತರು. ಮದುವೆಯಾದಾಗಿನಿಂದ ಬ್ಯಾಂಕಿನ ಚೆಕ್ಕಿನ ಮೇಲೂ ಮಗಳ ಅಂಕಪಟ್ಟಿಯ ಮೇಲೂ ನೋಡಿದ ಸಹಿ. ಬಾಲದಂತೆ ಮೇಲೆ ಹೋಗಿ ಸುತ್ತಿಕೊಂಡ ಗೆರೆ.

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನು ಒಂದು ಮಾತು ಸಾಕು, ಇಪ್ಪತ್ತು ಜನ ಸೇರಿ ಅವರನ್ನು ಅದೇ ಗೋಡೆಗೆ ಅದೇ ಅಂಟಿನಲ್ಲಿ ಅಂಟಿಸಿಬಿಡುತ್ತಿದ್ದರು!

"ಸಹಿ ಚೆನ್ನಾಗಿದೆ," ಎಂದರು ಟೀಚರಮ್ಮ. ಕನ್ನಡಕ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅಷ್ಟೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಮುಂದಿನ ಬಸ್ಸು?" ಸಾಹೇಬರು ಕಂಟ್ರೋಲರನ್ನು ಕೇಳಿದರು.

"ಎರಡೂ ಕಾಲಿಗೆ."

"ಹನ್ನೊಂದಕ್ಕೆ ಒಂದು ಇತ್ತಲ್ಲಯ್ಯಾ?"

"ಹೋದ ವರ್ಷ ಕಿತ್ತಾಕಿದ್ರು ಸಾರ್."

"ಯಾರು ಕಿ..." ಎಂದವರು ಮಾತನ್ನು ಅರ್ಧಕ್ಕೇ ನುಂಗಿಕೊಂಡರು.

ಟೀಚರಮ್ಮ ಕಲ್ಲಿನ ಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಚೀಲದೊಳಗೆ ಮುಖಕ್ಕೆ ಹಾಕುವ ಗಾಜಿನ ಮುಖವಾಡವಿತ್ತು. ಅದನ್ನು ಹೊರಗಿನಿಂದಲೇ ಬೆರಳಲ್ಲಿ ಸವರುತ್ತಿದ್ದರು. ಅದನ್ನು ನೋಡಲಾರದೆ ಸಾಹೇಬರು ರಸ್ತೆಗೇ ಬಂದು ನಿಂತರು. ಕಂಡ ವಾಹನಕ್ಕೆಲ್ಲ ಕೈ ಅಡ್ಡ ಹಾಕಿದರು. ಮೊದಲು ಇಟ್ಟಿಗೆ ಲಾರಿ, ಆಮೇಲೆ ಹಾಲಿನ ವ್ಯಾನು. ಅಂಚೆಯವನ ಸೈಕಲ್ಲಿಗೂ ಕೈ ಅಡ್ಡ ಹಾಕಿದರು! ಅಂಚೆಯವನು ಪಾಪ, ನಿಲ್ಲಿಸಿ, "ನಿಮಗೆ ಕಾಗದ ಬಂದಿಲ್ಲ ಸಾರ್" ಎಂದು ಹೇಳಿ ಹೋದ.

ಹತ್ತು ಗಂಟೆಯ ಹೊತ್ತಿಗೆ ಚಹಾದಂಗಡಿಯ ಮುಂದೆ ಒಂದು ಪುಟ್ಟ ಸರಕಿನ ಗಾಡಿ ಬಂದು ನಿಂತಿತು. ಅದರ ಬೆನ್ನಲ್ಲಿ ಹಳದಿ ಸಿಲಿಂಡರುಗಳು ಸಾಲಾಗಿ ಮಲಗಿದ್ದವು. ಓಡಿಸುತ್ತಿದ್ದವಳು ಗಟ್ಟಿಮುಟ್ಟಾದ ಹೆಂಗಸು. ಚಹಾದಂಗಡಿಯವನು, "ಏನ್ ಗಾಳಿಯಕ್ಕ, ಇವತ್ತು ಲೇಟು?" ಎಂದ.

"ಕಡಲೂರಲ್ಲಿ ಗಾಳಿ ತುಂಬೋ ಮಿಷಿನ್ನು ಕೆಟ್ಟು ಕೂತಿದೆ ಕಣಣ್ಣ. ಡೈವಿಂಗ್‌ನೋರಿಗೆಲ್ಲ ನಗರದಿಂದಲೇ ತುಂಬಿಸ್ಕೊಂಡು ಬರ್ತಿದ್ದೀನಿ."

ಸಾಹೇಬರು ನಾಲ್ಕೇ ಹೆಜ್ಜೆಗೆ ರಸ್ತೆ ದಾಟಿದರು. "ಅಮ್ಮಾ, ಹನ್ನೊಂದೂವರೆ ದೋಣಿಗೆ ಮುಟ್ಟಿಸ್ತೀರಾ?"

"ಯಾವ ಹನ್ನೊಂದೂವರೆ?" ಗಾಳಿಯಕ್ಕ ಚಹಾ ಊದುತ್ತ ಕೇಳಿದಳು. "ಗಾಳಿ ಇಲ್ಲದೆ ಮುಳುಗ್ತಾರಾ? ನಾನು ಹೋದಾಗಲೇ ದೋಣಿಗೆ ಟೈಮು."

ಹತ್ತೊಂಬತ್ತು ವರ್ಷದಲ್ಲಿ ವೇಳಾಪಟ್ಟಿಯ ಬಗ್ಗೆ ಇಷ್ಟು ಸರಳವಾದ ಮಾತನ್ನು ಸಾಹೇಬರು ಕೇಳಿರಲಿಲ್ಲ.

"ಆದ್ರೆ ಮುಂದೆ ಒಂದೇ ಸೀಟು," ಎಂದಳು ಗಾಳಿಯಕ್ಕ.

"ನಾನು ಹಿಂದೆ ಸಿಲಿಂಡರ್ ಜೊತೆ..."

"ಹಿಂದೆ ಮನುಷ್ಯರನ್ನ ಹಾಕಂಗಿಲ್ಲ ಸಾರ್. ರೂಲ್ಸು!"

ರೂಲ್ಸು ಎಂದ ಮೇಲೆ ಸಾಹೇಬರ ಬಾಯಿ ತಾನಾಗಿ ಮುಚ್ಚಿಕೊಂಡಿತು. ಟೀಚರಮ್ಮ ಆಗಲೇ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಾಗಿತ್ತು! ಬೆಳಗಿನಿಂದ ಮೊದಲ ಸಲ ಅವರ ಮುಖ ಅರಳಿತ್ತು. "ನೀವು ಎರಡೂ ಕಾಲಿಗೆ ಬನ್ನಿ. ನಾಲ್ಕಕ್ಕೆ ಅಲ್ಲಿಂದ ನಗರಕ್ಕೆ ಕೊನೇ ಬಸ್ಸಿದೆ, ಒಟ್ಟಿಗೆ ವಾಪಸ್ ಹೋಗೋಣ. ಬಿಸಿಲಲ್ಲಿ ನಿಲ್ಲಬೇಡಿ ರೀ."

ಗಾಡಿ ತಿರುವಿನಲ್ಲಿ ಮರೆಯಾಯಿತು. ಸಾಹೇಬರು ಬೆಂಚಿಗೆ ಬಂದು ಕೂತರು. ಜೇಬಿನಲ್ಲಿದ್ದ ಪೆನ್ನು ದರ್ಜಿಯ ಕಣ್ಣಿಗೆ ಬಿತ್ತು.

"ಸಾರ್, ನೀವು ಓದಿದೋರ ಥರ ಕಾಣ್ತೀರ. ನಮ್ಮೆಲ್ಲರ ಪರವಾಗಿ ಒಂದು ದೂರು ಬರೆದುಕೊಡಿ."

"ಯಾರಿಗೆ?"

"ಆ ಸುತ್ತೋಲೆ ಸಾಹೇಬನಿಗೆ!"

ಇಪ್ಪತ್ತು ಜನ ಸುತ್ತ ನಿಂತರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಸಾಹೇಬರು ತಮ್ಮದೇ ವಿಳಾಸ ಬರೆದು, ತಮಗೇ 'ಮಾನ್ಯರೇ' ಎಂದು ಶುರು ಮಾಡಿದರು.

"'ತಲೆ ಇಲ್ಲದ ಆದೇಶ' ಅಂತ ಹಾಕಿ," ಎಂದ ದರ್ಜಿ.

"'ದೂರದೃಷ್ಟಿಯಿಲ್ಲದ' ಅಂದ್ರೆ ಸಾಕಾಗಲ್ವಾ?"

"ಎರಡೂ ಹಾಕಿ ಸಾರ್. ಕಾಗದ ನಮ್ಮದೇ ತಾನೇ?"

ಎರಡೂ ಹಾಕಿದರು. ವಿಚಿತ್ರವೆಂದರೆ, ಬರೆಯುತ್ತ ಬರೆಯುತ್ತ ಅವರಿಗೇ ಹುರುಪು ಬಂತು. ಗುಡ್ಡದ ಸಂಗತಿ ಬಂತು. ನರ್ಸಮ್ಮನ ಚಪ್ಪಲಿ, ಕಿತ್ತು ಹಾಕಿದ ಹನ್ನೊಂದರ ಬಸ್ಸು ಬಂದವು. ಕಡೆಗೆ, ಯಾರೂ ಹೇಳದಿದ್ದರೂ, 'ಸಮುದ್ರ ನೋಡಬೇಕೆಂದು ಮೂರು ತಿಂಗಳು ಕಾದ ಒಬ್ಬ ಮಹಿಳೆಗಾಗಿ ಹತ್ತು ನಿಮಿಷ ಕಾಯಲಾರದ ತಾವು' ಎಂಬ ವಾಕ್ಯವೂ ಬಂತು. ಅದನ್ನು ಗಟ್ಟಿಯಾಗಿ ಓದಿದಾಗ ನಾಲ್ಕು ಜನ ಚಪ್ಪಾಳೆ ತಟ್ಟಿದರು.

"ಭೇಷ್! ಇದನ್ನ ಓದಿದ್ರೆ ಆ ಮನುಷ್ಯ ಅಳ್ಬೇಕು," ಎಂದ ದರ್ಜಿ.

"ಅಳ್ತಾನೆ," ಎಂದರು ಸಾಹೇಬರು. ಎಲ್ಲರೂ ಸಹಿ ಹಾಕಿದ ಮೇಲೆ ಮೂಲೆಯಲ್ಲಿ ತಾವೂ ಹಾಕಿದರು. ಬಾಲದ ಗೆರೆ ಇಲ್ಲದೆ.

ಎರಡೂ ಕಾಲಿನ ಬಸ್ಸು ಕಡಲೂರನ್ನು ಮೂರೂ ಮುಕ್ಕಾಲಿಗೆ ಮುಟ್ಟಬೇಕಿತ್ತು. ದಾರದ ಲೆಕ್ಕ ಹಾಗಿತ್ತು. ದಾರಿಯ ಲೆಕ್ಕ ಬೇರೆ. ಕೊನೆಯ ತಿರುವಿನಲ್ಲಿ ಸಮುದ್ರ ಕಂಡಾಗ ನಾಲ್ಕು ಹೊಡೆದಿತ್ತು. ಎರಡು ಮನೆಗಳ ನಡುವಿನ ಸಂದಿಯಲ್ಲಿ ಮೊದಲು ಒಂದು ಗೆರೆಯಷ್ಟು ನೀಲಿ ಕಂಡಿತು. ಆಮೇಲೆ ಮನೆಗಳು ಮುಗಿದು, ಎಲ್ಲ ಕಡೆಯೂ ಅದೇ. ನೋಡುವ ಸ್ಥಿತಿಯಲ್ಲಿ ಸಾಹೇಬರು ಇರಲಿಲ್ಲ. ಕೊನೆಯ ಬಸ್ಸು ಹೊರಟಿರುತ್ತದೆ! ಒಂದು ನಿಮಿಷವೂ ಕಾಯತಕ್ಕದ್ದಲ್ಲ!

ಬಸ್ಸು ಹೊರಟಿರಲಿಲ್ಲ. ಟೀಚರಮ್ಮ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೂ ಇನ್ನೊಂದನ್ನು ನೆಲದ ಮೇಲೂ ಊರಿ ನಿಂತಿದ್ದರು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿನ ಸುತ್ತ ಮುಖವಾಡ ಒತ್ತಿದ ಕೆಂಪು ಗುರುತು.

"ಅಮ್ಮಾ, ಹತ್ತಿ ಅಂದ್ರೆ ಹತ್ತಲ್ಲ, ಇಳೀರಿ ಅಂದ್ರೆ ಇಳಿಯಲ್ಲ!" ಕಂಡಕ್ಟರ್ ಗೋಗರೆಯುತ್ತಿದ್ದ.

"ಪ್ರಯಾಣಿಕರ ಕಾಲು ಮೆಟ್ಟಿಲ ಮೇಲಿರೋವಾಗ ಬಸ್ಸು ಬಿಡಂಗಿಲ್ಲ. ಒಳಗೆ ಬೋರ್ಡು ಹಾಕಿದ್ದೀರಲ್ಲ, ನಾನು ಓದಿದ್ದೀನಿ," ಎನ್ನುತ್ತಿದ್ದರು ಟೀಚರಮ್ಮ. ಗಂಡನನ್ನು ಕಂಡದ್ದೇ, "ಓಡಿ ಬನ್ರೀ!" ಎಂದು ಇಡೀ ಊರಿಗೆ ಕೇಳುವಂತೆ ಕೂಗಿದರು.

ಸಾಹೇಬರು ಓಡಿದರು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು. ಕಡಲೂರಿನಲ್ಲಿ ಅವರು ಕಳೆದದ್ದು ಒಟ್ಟು ಐವತ್ತು ಹೆಜ್ಜೆ.

ಸೀಟು ಸಿಕ್ಕ ಮೇಲೆ, ಏದುಸಿರು ಇಳಿದ ಮೇಲೆ, ಕೇಳಿದರು. "ನೋಡಿದ್ಯಾ?"

"ನೋಡ್ದೆ ಕಣ್ರೀ." ಟೀಚರಮ್ಮನ ದನಿ ಇನ್ನೂ ನೀರೊಳಗೇ ಇತ್ತು. "ಇಷ್ಟು ವರ್ಷ ಮಕ್ಕಳಿಗೆ ಹವಳ ಅಂದ್ರೆ ಕೆಂಪು ಅಂತ ಹೇಳ್ಕೊಟ್ಟೆ. ಕೆಳಗೆ ಹೋದ್ರೆ ಕೆಂಪೇ ಇಲ್ಲ! ಎಲ್ಲ ನೀಲಿ, ಬೂದು. ಜೊತೆಗಿದ್ದೋರು ಟಾರ್ಚು ಬಿಟ್ರು ನೋಡಿ, ಬೆಳಕು ಬಿದ್ದ ಕಡೆ ಮಾತ್ರ ಕೆಂಪು ಎದ್ದು ಬಂತು. ನಾನು ನೀರೊಳಗೇ 'ಅಯ್ಯೋ' ಅಂದೆ. ಗುಳ್ಳೆ ಹೋಯ್ತು, ಅಷ್ಟೆ."

ಆಮೇಲೆ ಇಬ್ಬರೂ ನಕ್ಕರು. ಸಾಹೇಬರು ಹೆಚ್ಚು ಹೊತ್ತು ನಕ್ಕರು. ಹೆಂಡತಿಯ ಒದ್ದೆ ಚೀಲ ಅವರ ತೊಡೆಯ ಮೇಲಿತ್ತು. ಪ್ಯಾಂಟು ತೊಯ್ಯುತ್ತಿದ್ದರೂ ತೆಗೆದಿಡಲಿಲ್ಲ.

ಕಂಡಕ್ಟರ್ ಪೆನ್ಸಿಲ್ ಕಚ್ಚಿಕೊಂಡು ಹತ್ತಿರ ಬಂದ. ಕೈಯಲ್ಲಿ ದಿನದ ಹಾಳೆ.

"ನಾಲ್ಕು ನಿಮಿಷ ತಡ ಆಯ್ತಮ್ಮ ನಿಮ್ಮಿಂದ. ಕಾರಣ ಬರೀಬೇಕು. ಏನಂತ ಬರೀಲಿ?"

"ಗಂಡನಿಗೆ ಕಾದಿದ್ದು ಅಂತ ಬರೀರಿ."

"ಅಯ್ಯೋ, ಆ ವೇಳಾಪಟ್ಟಿ ಸಾಹೇಬ್ರು ಒಪ್ಪಲ್ಲಮ್ಮ! ಸೋಮವಾರ ಕರೆಸಿ ನನ್ನ ತಲೆ ತಿಂತಾರೆ."

"ಒಪ್ತಾರೆ, ಬರೀರಿ," ಎಂದರು ಟೀಚರಮ್ಮ, ಕೂದಲು ಹಿಂಡಿಕೊಳ್ಳುತ್ತ. "ಅವರ ಹೆಂಡ್ತಿ ನನಗೆ ಚೆನ್ನಾಗಿ ಗೊತ್ತು. ಒಪ್ಪಿಸ್ತಾಳೆ."

ಕಂಡಕ್ಟರಿಗೆ ನಂಬಿಕೆ ಬರಲಿಲ್ಲ. ಪಕ್ಕದಲ್ಲಿದ್ದ ಗಂಡಸನ್ನು ನೋಡಿದ. "ಹೌದಾ ಸಾರ್?"

"ಹೌದಪ್ಪಾ," ಎಂದರು ಸಾಹೇಬರು. "ಬರ್ಕೋ."