ಕೂತ್ಕೊಳಪ್ಪ ಪಿಳ್ಳಣ್ಣ

ಆ ಬೆಳಿಗ್ಗೆ ತೂಬಗೆರೆಯ ಪಿಳ್ಳಣ್ಣನಿಗೆ ಭಯ ಹುಟ್ಟಿಸಿದ್ದು ಲಿವರಿನಲ್ಲಿದ್ದ ಕ್ಯಾನ್ಸರ್ ಗಡ್ಡೆಯಲ್ಲ, ಅಂಗಳದಲ್ಲಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ. ಒಂದೂವರೆ ತಿಂಗಳ ಹಿಂದೆ ಡಾಕ್ಟರ್ ಸಿಂಚನ ಅವನ ತೊಡೆಗೆ ಅಲ್ಟ್ರಾಸೌಂಡ್ ಹಿಡಿದು ಅಳೆದಿದ್ದರು. "ಮಾಂಸ ಕರಗಿಹೋಗಿದೆ. ಹಿಂಗಿದ್ರೆ ಆಪರೇಷನ್ ತಡ್ಕೊಳ್ಳಲ್ಲ ನೀವು. ಚೆನ್ನಾಗಿ ಊಟ ಮಾಡಿ. ಕೈ ಊರದೆ ಕುರ್ಚಿಯಿಂದ ದಿನಕ್ಕೆ ನಲವತ್ತು ಸಲ ಎದ್ದು ಕೂತ್ಕೊಳ್ಳಿ. ತೊಡೆ ತುಂಬಿದ್ರೆ ಆಪರೇಷನ್ ಮಾಡೋಣ" ಎಂದಿದ್ದರು.

ಊಟದ ಮಾತನ್ನು ಪಿಳ್ಳಣ್ಣ ನಿಷ್ಠೆಯಿಂದ ಪಾಲಿಸಿದ. ಎದ್ದು ಕೂರುವುದನ್ನು ನಾಳೆಗೆ ಬಿಟ್ಟ. ಕುರ್ಚಿಯಲ್ಲಿ ಕೂತರೆ ದೂರದ ಮಾಕಳಿದುರ್ಗದ ಬೆಟ್ಟ ಮಂಜಿನಲ್ಲಿ ತೇಲುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವನೂ ತೇಲುತ್ತಿದ್ದ. ಹೆಂಡತಿ ಕದಿರಮ್ಮ ಕೇಳಿದರೆ "ನಲವತ್ತಾಯ್ತು ಕಣೇ" ಅಂದುಬಿಡುತ್ತಿದ್ದ. ಇವತ್ತು ಮಧ್ಯಾಹ್ನ ಮತ್ತೆ ಸ್ಕ್ಯಾನಿಂಗ್. ಬಾಯಿ ಸುಳ್ಳು ಹೇಳಬಹುದು, ತೊಡೆ ಹೇಳುತ್ತದೆಯೇ?

ಪರೀಕ್ಷೆಯ ದಿನ ಪುಸ್ತಕ ಬಿಚ್ಚಿದ ಹುಡುಗನಂತೆ ಪಿಳ್ಳಣ್ಣ ಪಂಚೆ ಬಿಗಿದ. "ಒಂದು..." ಎನ್ನುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಅಕ್ಷರ ಕಲಿಸಿದ ಗೋಪಾಲಪ್ಪ ಮೇಷ್ಟ್ರು! ದಡಬಡನೆ ಎದ್ದು ಕೈಮುಗಿದ.

"ಏಳ್ಬೇಡ, ಕೂತ್ಕೊಳಪ್ಪ ಪಿಳ್ಳಣ್ಣ."

ಕೂತ. ಮೇಷ್ಟ್ರು ಹೊರಟಾಗ ಮತ್ತೆ ಎದ್ದ. ಅವರ ಬೆನ್ನಿಗೇ ಸೋದರತ್ತೆ ಮುತ್ತಮ್ಮ ಬಂದಳು. ಎಲೆಅಡಿಕೆ ಉಗಿಯಲು ಆಕೆ ಏಳು ಸಲ ಎದ್ದು ಹೋಗಿ ಬಂದಳು. ಹಿರಿಯಳು ನಿಂತಿರುವಾಗ ಕೂರುವುದುಂಟೇ? ಪಿಳ್ಳಣ್ಣನೂ ಏಳು ಸಲ ಎದ್ದ.

"ದಿನಾ ಇದೇ ಕತೆ. ಮನೆ ಬಸ್ ಸ್ಟ್ಯಾಂಡ್ ಆಗೋಗದೆ. ಅದೂ ಬರೀ ವಯಸ್ಸಾದೋರೇ ಬರ್ತಾರಲ್ಲೇ!" ಎಂದು ಗೊಣಗಿದ.

"ಪ್ರೀತಿ ಇರೋರು ಬರ್ತಾರೆ" ಎಂದಳು ಕದಿರಮ್ಮ, ಟೀ ಸೋಸುತ್ತ.

ಅತ್ತೆ ಹೋದ ಮೇಲೆ ಜೊಂಪು ಹತ್ತಿತು. ಕನಸಿನಲ್ಲಿ ಅವನ ಎರಡು ತೊಡೆಗಳು ಅವನನ್ನು ಕುರ್ಚಿಯಲ್ಲೇ ಬಿಟ್ಟು ಮಾಕಳಿದುರ್ಗ ಹತ್ತುತ್ತಿದ್ದವು. ಮೋಡದೊಳಗೆ ಮರೆಯಾಗುವ ಮುನ್ನ ತಿರುಗಿ, "ನೀನು ಕೂತ್ಕೊಳಪ್ಪ" ಎಂದವು. ಎಚ್ಚರವಾದಾಗ ಆಟೊ ಬಂದಿತ್ತು. ಲೆಕ್ಕ ಒಂದನ್ನು ದಾಟಿರಲಿಲ್ಲ.

ದೊಡ್ಡಬಳ್ಳಾಪುರದ ಆಸ್ಪತ್ರೆಯ ಮಬ್ಬು ಕೋಣೆ. ತೊಡೆಯ ಮೇಲೆ ತಣ್ಣನೆಯ ಜೆಲ್. ಪರದೆಯಲ್ಲಿ ಬೂದುಬಣ್ಣದ ಪಟ್ಟೆಗಳು, ಉತ್ತ ಹೊಲದ ಸಾಲಿನಂತೆ. ಆಪರೇಷನ್ ಇಲ್ಲ ಎಂದರೆ ಗತಿಯೇನು? ಪಿಳ್ಳಣ್ಣನಿಗೆ ನಿಜವಾಗಿಯೂ ಸಾಯುವ ಭಯವಾಯಿತು.

ಡಾಕ್ಟರ್ ಎರಡೆರಡು ಸಲ ಅಳೆದರು. "ಭೇಷ್! ಎರಡು ಮಿಲಿಮೀಟರ್ ಜಾಸ್ತಿಯಾಗಿದೆ. ಆಪರೇಷನ್ ಮಾಡಬಹುದು. ದಿನಾ ತಪ್ಪದೆ ಮಾಡಿದ್ರಾ?"

ಪಿಳ್ಳಣ್ಣ ಪಂಚೆಯನ್ನು ತೊಡೆಯ ಮೇಲೆ ಎಳೆದುಕೊಂಡ. "ಇಲ್ಲ ಡಾಕ್ಟ್ರೇ. ಒಂದಿನಾನೂ ಮಾಡ್ಲಿಲ್ಲ. ಬಂದೋರಿಗೆಲ್ಲ ಎದ್ದೆದ್ದು ಕೈ ಮುಗಿಯೋದ್ರಲ್ಲೇ ಹೊತ್ತು ಹೋಯ್ತು."

"ನಂಗೊತ್ತು" ಎಂದಳು ಮೂಲೆಯಲ್ಲಿದ್ದ ಕದಿರಮ್ಮ. "ನಾನು ಹೇಳಿದ್ರೆ ನೀವು ಏಳಲ್ಲ, ಹಿರೀಕರು ಬಂದ್ರೆ ಕೂರಲ್ಲ. ಅದಕ್ಕೇ ಮನೆಮನೆಗೂ ಹೋಗಿ ನಾನೇ ಅವರ್ನೆಲ್ಲ ಕಳಿಸ್ತಿದ್ದೆ. ಮುತ್ತತ್ತೆಗೆ ಎಲೆಅಡಿಕೆ ಕೊಟ್ಟಿದ್ದೂ ನಾನೇ."

ಬಿಸಿಲಿನಲ್ಲಿ ತನಗಾಗಿ ಬೀದಿ ಅಲೆದವಳನ್ನು ಕಂಡು ಪಿಳ್ಳಣ್ಣನಿಗೆ ಅಳುವೇ ಬಂತು. ನಾಲ್ಕು ಜನರ ಎದುರು ಮೊದಲ ಸಲ ಅವಳ ಕೈ ಹಿಡಿದುಕೊಂಡ.

"ಆಪರೇಷನ್‌ಗೆ ಇನ್ನೂ ಮೂರು ವಾರ ಇದೆ, ಅಲ್ಲೀವರೆಗೂ ಬಿಡಬೇಡಿ. ದಿನಕ್ಕೆ ಅರವತ್ತು" ಎಂದರು ಡಾಕ್ಟರ್.

ಆಟೊದಲ್ಲಿ ಪಿಳ್ಳಣ್ಣ ನಕ್ಕ. "ಗುಟ್ಟು ಗೊತ್ತಾಯ್ತು ಕಣೇ. ಇನ್ಮೇಲೆ ಊರಿಗೆ ಊರೇ ಬಂದ್ರೂ ನಾನು ಏಳಲ್ಲ."

"ಬೇಗ ಹೊಡಿಯಪ್ಪ" ಎಂದಳು ಕದಿರಮ್ಮ, ಆಟೊದವನಿಗೆ.

ಮನೆಯ ಜಗಲಿಯಲ್ಲಿ, ಬಟ್ಟೆಯ ಗಂಟಿನ ಸಮೇತ, ಸಾಸಲಿನಿಂದ ಬಂದ ಅವಳ ಅಪ್ಪ ಅಪ್ಪಯ್ಯಣ್ಣ ಕೂತಿದ್ದರು. ಹೆಣ್ಣು ಕೊಟ್ಟ ಮಾವ, ಎಂಬತ್ತೆರಡು ವರ್ಷ.

"ಮೂರು ವಾರ ಇಲ್ಲೇ ಇರ್ತಾರೆ" ಎಂದಳು ಕದಿರಮ್ಮ. "ವಯಸ್ಸಾಯ್ತು ನೋಡಿ, ಹತ್ತು ನಿಮಿಷಕ್ಕೊಂದ್ಸಲ ಬಚ್ಚಲಿಗೆ ಹೋಗ್ಬೇಕು ಅವರಿಗೆ."

ಪಿಳ್ಳಣ್ಣ ನೀಲಿ ಕುರ್ಚಿಯಲ್ಲಿ ಆಗಷ್ಟೇ ಕೂತಿದ್ದ. ಮಾವ ಕೋಲು ಊರಿ ಎದ್ದರು. ಅವನೂ ಎದ್ದ.

"ಕೂತ್ಕೊಳಪ್ಪ" ಎಂದರು ಅಪ್ಪಯ್ಯಣ್ಣ, "ಈಗ ಬಂದ್ಬಿಟ್ಟೆ."